ಕೋರಿದವರು: ಇಲೋನಾ ಹಾರ್ವತ್

ಈ ಕಥೆಯನ್ನು ಮೊದಲು ಹೇಳಿದವಳು ವರ್ನಾ ಜೆಲಿನ್‌ಸ್ಕಿ. ಎರಡು ಸಾವಿರದ ಹದಿನೇಳನೆಯ ಇಸವಿಯ ಮಾರ್ಚ್ ತಿಂಗಳು, ಮಾಂಸ ಬಿಟ್ಟು ಮೀನು ತಿನ್ನುವ ಲೆಂಟ್ ವ್ರತದ ಒಂದು ಶುಕ್ರವಾರದ ಸಂಜೆ, ರಾಚೆಸ್ಟರ್‌ನ ಹಡ್ಸನ್ ಅವೆನ್ಯೂ ಕಡೆಯ ಒಂದು ಚರ್ಚಿನ ನೆಲಮಾಳಿಗೆಯಲ್ಲಿ, ಹುರಿದ ಮೀನಿನ ತಟ್ಟೆಗಳು ಖಾಲಿಯಾದ ಮೇಲೆ. ಅಂದು ಆ ಉದ್ದನೆಯ ಮೇಜಿನ ಸುತ್ತ ಕುಳಿತವರೆಲ್ಲ ಸಾಫ್ಟ್‌ವೇರ್ ಬರೆಯುವವರು, ಬರೆದದ್ದನ್ನು ಪರೀಕ್ಷಿಸುವವರು, ಇಲ್ಲವೇ ಅದರ ಸಹವಾಸ ಸಾಕೆಂದು ಬಿಟ್ಟು ಬಂದವರು. ಇದೇ ಕಥೆ ಆಮೇಲೆ ಊರಿನ ಬೇರೆ ಬೇರೆ ಬಾಯಿಗಳಿಂದ ಕೇಳಿಬಂದಿದೆ. ಒಂದು ಪಾಠದಲ್ಲಿ ಇಲೋನಾ ಮನೆಮುರುಕಿ, ಇನ್ನೊಂದರಲ್ಲಿ ತನ್ನನ್ನೇ ಬಲಿಕೊಟ್ಟುಕೊಂಡ ಮಹಾತಾಯಿ. ವರ್ನಾ ಹೇಳಿದ್ದರಲ್ಲಿ ಅವಳು ಎರಡೂ ಅಲ್ಲ. ವರ್ನಾ ಅದೇ ಕಂಪನಿಯಲ್ಲಿ ಇಲೋನಾಳ ಪಕ್ಕದ ಮೇಜಿನವಳಾಗಿದ್ದಳು, ಕಣ್ಣಾರೆ ಕಾಣದ ಭಾಗವನ್ನು ಇಲೋನಾಳಿಂದಲೇ ಕೇಳಿದ್ದಳು. ಆದ್ದರಿಂದ ಇಲ್ಲಿ ಅನುಸರಿಸಿರುವುದು ಅವಳ ಪಾಠವನ್ನೇ.

ಆ ಕಂಪನಿ ಆಸ್ಪತ್ರೆಗಳಿಗೆ ದಾದಿಯರ ಪಾಳಿ ಗೊತ್ತುಪಡಿಸುವ ಸಾಫ್ಟ್‌ವೇರ್ ಮಾರುತ್ತಿತ್ತು. ಇಲೋನಾ ಹಾರ್ವತ್‌ಳ ಕೆಲಸ ಮಾತ್ರ ಹೊರಗಿನವರ ಕಣ್ಣಿಗೆ ಬೀಳುವಂಥದ್ದಲ್ಲ. ಒಳಗೆ ಬರುವವನು ಯಾರು, ಅವನು ಯಾವ ಗುಂಪಿಗೆ ಸೇರಿದವನು, ಆ ಗುಂಪಿಗೆ ಯಾವ ಬಾಗಿಲು ತೆರೆಯಬೇಕು, ಯಾವುದು ತೆರೆಯಬಾರದು ಎಂಬ ಲೆಕ್ಕವೆಲ್ಲ ಅವಳದು. ಆಸ್ಪತ್ರೆಗಳ ದಾದಿಯರ ಖಾತೆಗಳಿದ್ದ ಜಾಗದಲ್ಲೇ ಕಂಪನಿಯ ಸ್ವಂತ ನೌಕರರ ಖಾತೆಗಳೂ ಇದ್ದವು. ಹೊಸಬರು ಸೇರಿದರೆ ಅವಳ ಮೇಜಿಗೆ ಚೀಟಿ ಬರುತ್ತಿತ್ತು, ಬಿಟ್ಟುಹೋದರೂ ಬರುತ್ತಿತ್ತು. ಹೆರಿಗೆಗೂ ತಿಥಿಗೂ ಒಬ್ಬಳನ್ನೇ ಕರೆಯಬೇಕಾದ ಮುದುಕಿ ಎಂದು ಅವಳನ್ನು ಹಾಸ್ಯ ಮಾಡುತ್ತಿದ್ದವನು ವಿನ್ಸ್ ಟ್ಯಾಲರಿಕೊ.

ವಿನ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುವವನು, ಕಂಪನಿಯಷ್ಟೇ ಹಳಬ. ಇಲೋನಾ ಕೆಲಸಕ್ಕೆ ಸೇರಿದ ಮೊದಲ ವರ್ಷ ಅವಳ ಕೈತಪ್ಪಿನಿಂದ ಒಂದು ಆಸ್ಪತ್ರೆಯ ಖಾತೆಗಳೆಲ್ಲ ಮುಚ್ಚಿಹೋದಾಗ, "ನಾನೇ ಮಾಡ್ದೆ, ಬೈಯೋದಾದ್ರೆ ನನ್ನ ಬೈರಿ" ಎಂದು ಎದ್ದು ನಿಂತವನು ಅವನು. ಆಮೇಲೆ ಅವಳಿಗೆ ಮದುವೆಯಾಯಿತು, ಮದುವೆ ಮುರಿಯಿತು, ತಾಯಿ ತೀರಿಕೊಂಡಳು. ಊರಲ್ಲಿ ಅವಳವರು ಎಂದು ಉಳಿದದ್ದು ವಿನ್ಸ್ ಮತ್ತು ಅವನ ಹೆಂಡತಿ ಕಾರ್ಲಾ. ಭಾನುವಾರ ಮಧ್ಯಾಹ್ನದ ಊಟ ಅವರ ಮನೆಯಲ್ಲಿ. ಕಾರ್ಲಾ ಕಡಾಯಿ ತುಂಬ ಸೊಪ್ಪು ಬೀನ್ಸ್ ಬೇಯಿಸಿಟ್ಟು, ಹಂಗೇರಿ ಮೂಲದ ಇಲೋನಾಳನ್ನು ನೋಡಿ, "ಇವಳು ತಿನ್ನೋದ್ನ ನೋಡಿದ್ರೆ ಹಂಗೇರಿಯವರಿಗೆ ಇನ್ನೂ ಯುದ್ಧ ಮುಗಿದ ಸುದ್ದಿ ತಲುಪಿಲ್ಲ ಅನ್ಸುತ್ತೆ" ಎನ್ನುತ್ತಿದ್ದಳು. ಇಲೋನಾಳಿಗೆ ಇದ್ದ ಕುಟುಂಬವೆಂದರೆ ಆ ಊಟದ ಮೇಜು.

ಒಂದು ಶರತ್ಕಾಲದಲ್ಲಿ ಕೊಲಂಬಸ್ ನಗರದಿಂದ ಹಾಲಿಸ್ ಕ್ರೇನ್ ಎಂಬ ಹೊಸ ನಿರ್ದೇಶಕ ಬಂದ. ಮಾತು ಮೃದು, ಬೂಟು ಮೃದು, ಬಂದದ್ದೂ ಹೋದದ್ದೂ ಗೊತ್ತಾಗುತ್ತಿರಲಿಲ್ಲ. ಅವನು ಇಲೋನಾಳನ್ನು ಕರೆದು, ಗುಂಪುಗಳನ್ನೂ ಖಾತೆಗಳನ್ನೂ ನಿರ್ವಹಿಸಲು ಒಂದು ಅಚ್ಚುಕಟ್ಟಾದ ಎಪಿಐ ರಚಿಸಿಕೊಡಬೇಕೆಂದ. ಎಪಿಐ ಎಂದರೆ ಒಂದು ಪ್ರೋಗ್ರಾಂ ಇನ್ನೊಂದರ ಬಾಗಿಲಿಗೆ ಬಂದು ಕೆಲಸ ಕೇಳುವ ಕ್ರಮ. ಹೀಗೆ ಕೇಳಿದರೆ ಹೀಗೆ ನಡೆಯುತ್ತದೆ, ಹಾಗೆ ಕೇಳಿದರೆ ನಡೆಯುವುದಿಲ್ಲ ಎಂದು ಮೊದಲೇ ಬರೆದಿಟ್ಟ ಒಪ್ಪಂದ. ಅದು ಸಿದ್ಧವಾದರೆ ಯಾರೂ ಅವಳ ಮೇಜಿಗೆ ಚೀಟಿ ತರಬೇಕಾಗಿಲ್ಲ. ಯಾವ ವಿಭಾಗದವರಾದರೂ ತಮ್ಮ ಕೆಲಸ ತಾವೇ ಮಾಡಿಕೊಳ್ಳಬಹುದು.

"ನಿಮ್ಮ ತಲೇಲಿರೋದೆಲ್ಲ ಹೊರಗೆ ಬರ್ಬೇಕು ಇಲೋನಾ," ಎಂದ ಹಾಲಿಸ್. "ನಾಳೆ ನಿಮಗೊಂದು ಬಸ್ಸು ಬಡಿದ್ರೆ ಕಂಪನಿ ಗತಿ ಏನು ಹೇಳಿ."

"ಬಸ್ಸಿನೋರ್ಗೆ ಹೇಳಿಟ್ಟಿದೀನಿ, ಸ್ವಲ್ಪ ದಿನ ತಡೀರಿ ಅಂತ," ಎಂದಳು ಇಲೋನಾ. ಹಾಲಿಸ್ ನಗಲಿಲ್ಲ.

ಅವಳು ಚಳಿಗಾಲವೆಲ್ಲ ಕುಳಿತು ಅದನ್ನು ರಚಿಸಿದಳು. ಬಡಗಿ ಬಾಗಿಲ ಚೌಕಟ್ಟನ್ನು ಕೂರಿಸುವಂತೆ, ಸಂದಿಲ್ಲದೆ, ಸದ್ದಿಲ್ಲದೆ. ಗುಂಪು ಕಟ್ಟುವುದು, ಗುಂಪಿಗೆ ಸೇರಿಸುವುದು, ತೆಗೆಯುವುದು, ಖಾತೆ ತೆರೆಯುವುದು ಇವೆಲ್ಲ ಸರಾಗವಾಗಿಯೇ ಮುಗಿದವು. ಅವಳು ನಿಂತು ಯೋಚಿಸಿದ್ದು ಖಾತೆ ಮುಚ್ಚುವ ಕಡೆ. ಹಳೆಯ ವ್ಯವಸ್ಥೆಯಲ್ಲಿ ಖಾತೆ ಮುಚ್ಚಿದ ಸುದ್ದಿ ಅವರವರ ಕಂಪನಿ ಮಿಂಚಂಚೆಗೆ ಹೋಗುತ್ತಿತ್ತು. ಖಾತೆಯೇ ಮುಚ್ಚಿದ ಮೇಲೆ ಅಂಚೆ ತೆರೆಯುವುದೆಲ್ಲಿ? ಮನೆಗೆ ಬೀಗ ಹಾಕಿ, ಬೀಗ ಹಾಕಿದ್ದೇವೆಂಬ ಚೀಟಿಯನ್ನು ಒಳಗಿನ ಮಂಚದ ಮೇಲೆ ಇಟ್ಟಂತೆ. ಬೆಳಿಗ್ಗೆ ಬಂದವರು ಗುರುತಿನ ಚೀಟಿ ಉಜ್ಜಿ ಉಜ್ಜಿ, ಬಾಗಿಲು ತೆರೆಯದೆ, ಹಿಮದಲ್ಲಿ ನಿಂತು ಪರಿಚಿತರಿಗೆ ಫೋನು ಮಾಡುತ್ತಿದ್ದುದನ್ನು ಅವಳು ನೋಡಿದ್ದಳು. ಆ ಸೀಮೆಯ ಕಂಪನಿಗಳ ವಾಡಿಕೆಯೇ ಹಾಗೆ: ಕೆಲಸ ಹೋದದ್ದು ಮನುಷ್ಯನಿಗಿಂತ ಮೊದಲು ಬಾಗಿಲಿಗೆ ತಿಳಿದಿರುತ್ತದೆ.

ಹಾಗಾಗಿ ಅವಳು ಎರಡು ಕಟ್ಟಳೆ ಹಾಕಿದಳು. ಖಾತೆ ಮುಚ್ಚಿದ ಕೂಡಲೇ ಆ ಮನುಷ್ಯನ ಸ್ವಂತ ಫೋನಿಗೇ ಸುದ್ದಿ ಹೋಗಬೇಕು ಎಂಬುದು ಮೊದಲನೆಯದು. ಆ ಸುದ್ದಿಯಲ್ಲಿ, ಮುಚ್ಚಲು ಕೋರಿದವರು ಯಾರೆಂಬ ಹೆಸರಿರಬೇಕು, ಅದು ಯಂತ್ರದ ಹೆಸರಾಗಿರದೆ ಉಸಿರಾಡುವ ಮನುಷ್ಯರೊಬ್ಬರ ಹೆಸರಾಗಿರಬೇಕು ಎಂಬುದು ಎರಡನೆಯದು. ಯಾರ ಕೀಲಿಯಿಂದ, ಅಂದರೆ ಖಾತೆಗೆ ಅಂಟಿದ ಗುಪ್ತ ಸಂಕೇತದಿಂದ, ಬಾಗಿಲು ತಟ್ಟಿದರೋ ಅವರ ಹೆಸರು ತಾನಾಗಿ ಅಲ್ಲಿ ಬಂದು ಕೂರುತ್ತಿತ್ತು. ಅಳಿಸಲು ದಾರಿ ಇರಲಿಲ್ಲ.

"ಕಡಿಯೋ ಕೈಗೊಂದು ಮುಖ ಇರ್ಬೇಕು," ಎಂದಳು ಅವಳು ವಿನ್ಸ್‌ಗೆ.

"ಮುಖ ಇದ್ರೆ ಕಡಿದ ತಲೆ ಮತ್ತೆ ಬೆಳೆಯುತ್ತಾ?" ಎಂದ ವಿನ್ಸ್.

ರಚನೆಯನ್ನು ಎಲ್ಲರ ಮುಂದಿಟ್ಟು ಚರ್ಚಿಸುವ ದಿನ ಹಾಲಿಸ್ ಒಂದೇ ಒಂದು ಬೇಡಿಕೆ ಇಟ್ಟ. ಒಬ್ಬೊಬ್ಬರ ಖಾತೆಯನ್ನಲ್ಲದೆ, ಒಂದು ಗುಂಪಿನವರದೆಲ್ಲವನ್ನೂ ಒಂದೇ ಮಾತಿನಲ್ಲಿ ಮುಚ್ಚುವ ಏರ್ಪಾಡು ಬೇಕು. ಇಲೋನಾ ಮೊದಲು ಆಗದೆಂದಳು. ಆಸ್ಪತ್ರೆಯೊಂದು ಗಿರಾಕಿತನ ಬಿಟ್ಟರೆ ನೂರಾರು ದಾದಿಯರ ಖಾತೆಗಳನ್ನು ಒಂದೊಂದಾಗಿ ಮುಚ್ಚುತ್ತ ಕೂರಬೇಕೇ ಎಂದು ಅವನು ಕೇಳಿದ. ಮಾತಿನಲ್ಲಿ ನ್ಯಾಯವಿತ್ತು. ಕೊನೆಗೆ ಅವಳು ಒಪ್ಪಿ, ಒಂದು ಷರತ್ತು ಹಾಕಿದಳು: ಗುಂಪನ್ನು ಮುಚ್ಚೆಂದರೂ ಒಳಗೆ ಅದು ಒಬ್ಬೊಬ್ಬರನ್ನೇ ಸರದಿಯಂತೆ ತೆಗೆದುಕೊಳ್ಳಬೇಕು, ಹಳಬರಿಂದ ಹೊಸಬರವರೆಗೆ. ಪ್ರತಿಯೊಬ್ಬರಿಗೂ ಬೇರೆ ಬೇರೆ ಸುದ್ದಿ, ಪ್ರತಿಯೊಂದರಲ್ಲೂ ಕೋರಿದವರ ಹೆಸರು. ಹಾಲಿಸ್ ಕೂಡಲೇ ಒಪ್ಪಿದ. ಅಷ್ಟು ಬೇಗ ಒಪ್ಪಿದ್ದು ಅವಳಿಗೆ ಗೆಲುವಿನಂತೆ ಕಂಡಿತು.

ಮೇಜಿನ ಕೊನೆಯಲ್ಲಿ ಕುಳಿತಿದ್ದ ವಿನ್ಸ್ ಕೈ ಎತ್ತಿದ. "ನನ್ನದೊಂದು ದಡ್ಡ ಪ್ರಶ್ನೆ. ಈ ಬಾಗಿಲು ಯಾರಿಗೋಸ್ಕರ?"

"ಆಸ್ಪತ್ರೆಗಳಿಗೆ," ಎಂದ ಹಾಲಿಸ್.

"ಆಸ್ಪತ್ರೆಗಳ ಗುಂಪೂ ನಮ್ಮ ಗುಂಪೂ ಒಂದೇ ಕಡೆ ಇದಾವಲ್ಲ, ಅದಕ್ಕೆ ಕೇಳ್ದೆ."

"ವಿನ್ಸ್, ಕತ್ತಿ ಮಾಡೋನು ತರಕಾರಿ ಹೆಚ್ಚೋಕೇ ಮಾಡೋದು," ಎಂದು ಇಲೋನಾ ನಕ್ಕಳು. ವಿನ್ಸ್ ಕೈ ಇಳಿಸಿದ. ವರ್ನಾ ಈ ಭಾಗವನ್ನು ಹೇಳುವಾಗ, ಅಂದು ಇಲೋನಾಳಿಗೆ ತನ್ನ ಕೆಲಸದ ಅಂದದ ಮೇಲೇ ಕಣ್ಣಿತ್ತು, ಅದಕ್ಕೆ ಯಾರಾದರೂ ಸೊಟ್ಟ ಮಾತಾಡಿದರೆ ಮಗುವಿನ ಕೆನ್ನೆ ಚಿವುಟಿದಂತಾಗುತ್ತಿತ್ತು ಎಂದಳು.

ಇನ್ನು ಉಳಿದದ್ದು ಪ್ರಯೋಗ. ಬಾಗಿಲು ತಟ್ಟಿ ನೋಡಲು ಒಂದು ಕೀಲಿ ಬೇಕು. ಸರಿಯಾದ ಕ್ರಮದಲ್ಲಿ, ಕಂಪನಿಯ ಯಂತ್ರಕ್ಕೇ ಒಂದು ಖಾತೆ ಮಾಡಿ, ಅದರ ಕೀಲಿ ಬಳಸಬೇಕಿತ್ತು. ಆದರೆ ಯಂತ್ರದ ಹೆಸರನ್ನು ಒಪ್ಪಬಾರದೆಂದು ಕಟ್ಟಳೆ ಹಾಕಿದವಳು ಅವಳೇ. ಅವಳ ಬಾಗಿಲು ಅವಳ ಯಂತ್ರವನ್ನು ಹೊರಗೇ ನಿಲ್ಲಿಸಿತು. ಯಾರ ಹೆಸರಿನ ಕೀಲಿ ಬಳಸಬೇಕೆಂದು ಭದ್ರತಾ ವಿಭಾಗದವರನ್ನು ಕೇಳಿದರೆ, ಯೋಚಿಸಿ ಹೇಳುತ್ತೇವೆ ಎಂದರು. ಅಷ್ಟರವರೆಗೆ ಇರಲಿ ಎಂದು ಇಲೋನಾ ತನ್ನ ಸ್ವಂತ ಖಾತೆಯಿಂದಲೇ ಒಂದು ಕೀಲಿ ಮಾಡಿಕೊಟ್ಟಳು. ಆ ಕಸುಬಿನವರೆಲ್ಲ ಮಾಡುವ ಕೆಲಸ ಅದು. ಅಂಗಡಿಯ ಹಲಗೆ ಬರುವವರೆಗೆ ಸೀಮೆಸುಣ್ಣದಲ್ಲಿ ಹೆಸರು ಬರೆದಂತೆ. ಆಮೇಲೆ ಹಾಲಿಸ್ ಬಿಡುಗಡೆಯ ದಿನವನ್ನು ಇನ್ನೂ ಬೇಗಕ್ಕೆ ಎಳೆದ, ಎಲ್ಲರೂ ಓಡಿದರು, ಭದ್ರತಾ ವಿಭಾಗದವರು ಇನ್ನೂ ಯೋಚಿಸುತ್ತಲೇ ಇದ್ದರು. ಹಾಲಿಸ್‌ನ ಕಚೇರಿಯವರು ಆ ಬಾಗಿಲನ್ನು ಬಳಸಲು ತಮಗೊಂದು ಪುಟ ಕಟ್ಟಿಸಿಕೊಂಡಾಗ ಅದರ ಹಿಂದೆ ಇದ್ದದ್ದು ಅದೇ ಸೀಮೆಸುಣ್ಣದ ಕೀಲಿ. ಯಾರೂ ಬದಲಿಸಲಿಲ್ಲ. ಎಲ್ಲವೂ ಸರಿಯಾಗಿ ನಡೆಯುತ್ತಿರುವಾಗ ಕೀಲಿ ಯಾರದೆಂದು ಯಾರೂ ಕೇಳುವುದಿಲ್ಲ.

ಮುಂದಿನ ಫೆಬ್ರವರಿಯ ಒಂದು ಮಂಗಳವಾರ. ಊರಿನ ಬಡಗಣ ಸರೋವರದ ಕಡೆಯಿಂದ ಹಿಮ ಬೀಸುತ್ತಿತ್ತು. ಬಂದವರೆಲ್ಲ ಬೂಟು ಒದರಿ, ಕಾಫಿ ಯಂತ್ರದ ಸುತ್ತ ಕೈ ಕಾಯಿಸಿಕೊಳ್ಳುತ್ತ ನಿಂತಿದ್ದರು. ವಿನ್ಸ್ ಇಲೋನಾಳ ಬಟ್ಟಲಿಗೆ ಕಾಫಿ ಬಗ್ಗಿಸುತ್ತಿದ್ದ.

"ಭಾನುವಾರ ಯಾಕೆ ಬರ್ಲಿಲ್ಲ? ಕಾರ್ಲಾ ಕೋಪ ಮಾಡ್ಕೊಂಡಿದಾಳೆ."

"ಕಾರು ಹಿಮದಲ್ಲಿ ಹೂತೋಗಿತ್ತು ಮಾರಾಯ."

"ಹೂತಿರೋದು ಕಾರಲ್ಲ, ನೀನು. ಆ ಕೆಲಸದೊಳಗೆ. ಎದ್ದು ಬಾ ಸ್ವಲ್ಪ, ಬಿಸಿಲು ನೋಡು."

"ಫೆಬ್ರವರೀಲಿ, ರಾಚೆಸ್ಟರಲ್ಲಿ, ಬಿಸಿಲು?"

ಅವನ ಜೇಬಿನಲ್ಲಿ ಫೋನು ಸದ್ದು ಮಾಡಿತು. ಕಾಫಿ ಪಾತ್ರೆಯನ್ನು ಕೆಳಗಿಟ್ಟು, ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿನ ಹತ್ತಿರ ಹಿಡಿದ. ಓದಿದ. ಮತ್ತೊಮ್ಮೆ ಓದಿದ. ಆಮೇಲೆ ಮಗುವಿನಂತೆ ಪದ ಬಿಡಿಸಿ ಬಿಡಿಸಿ ಗಟ್ಟಿಯಾಗಿ ಓದಿದ.

"ನಿಮ್ಮ ಖಾತೆಯನ್ನು ಮುಚ್ಚಲಾಗಿದೆ. ಕೋರಿದವರು, ಇಲೋನಾ ಹಾರ್ವತ್."

ಯಾರೋ ನಕ್ಕರು. ವಿನ್ಸನೂ ನಕ್ಕ. "ಭಾನುವಾರ ಊಟಕ್ಕೆ ಬರೋಕೆ ಇಷ್ಟ ಇಲ್ದಿದ್ರೆ ಹಾಗಂತ ಹೇಳೋದಪ್ಪ. ಇದೆಂಥ ತಮಾಷೆ?"

ಅಷ್ಟರಲ್ಲಿ ಕಿಟಕಿಯ ಬಳಿ ನಿಂತಿದ್ದವನ ಫೋನು ಸದ್ದು ಮಾಡಿತು. ಆಮೇಲೆ ಬಾಗಿಲ ಬಳಿ ಇದ್ದವಳದು. ಆಮೇಲೆ ಆಚೆ ಮೇಜುಗಳಿಂದ ಒಂದೊಂದಾಗಿ, ಸರದಿಯಂತೆ, ಹಳಬರಿಂದ ಮೊದಲಾಗಿ. ಒಬ್ಬೊಬ್ಬರೇ ಎದ್ದು ನಿಲ್ಲುತ್ತಿದ್ದರು. ನಿಂತವರು ಫೋನು ನೋಡಿ, ಆಮೇಲೆ ಇಲೋನಾಳನ್ನು ನೋಡುತ್ತಿದ್ದರು.

"ನಾನಲ್ಲ," ಎಂದಳು ಇಲೋನಾ. "ವಿನ್ಸ್, ನಾನಲ್ಲ."

ಅವಳಿಗೆ ಆ ಕ್ಷಣ ಕೀಲಿ ನೆನಪಾಯಿತು. ಬಟ್ಟಲನ್ನು ಬಿಟ್ಟು ಮೇಜಿಗೆ ಓಡಿದಳು. ಕಾಫಿ ಚೆಲ್ಲಿತು, ಕುರ್ಚಿ ಉರುಳಿತು, ನಿಂತಂತೆಯೇ ಬಾಗಿ ಕೀಲಿಮಣೆಯ ಮೇಲೆ ಕೈಯಿಟ್ಟಳು. ತನ್ನ ಕೀಲಿಯನ್ನು ರದ್ದು ಮಾಡಿದರೆ ಎಲ್ಲವೂ ಅಲ್ಲಿಗೇ ನಿಲ್ಲುತ್ತದೆ. ಆದರೆ ಪರದೆಯ ಮೇಲೆ ಇದ್ದದ್ದು ಹೆಸರು ಕೇಳುವ ಖಾಲಿ ಪುಟ. ಹೆಸರು ಬರೆದಳು. ಅಂಥವರು ಯಾರೂ ಇಲ್ಲ ಎಂದಿತು. ಮತ್ತೆ ಬರೆದಳು. ಅಷ್ಟರಲ್ಲಿ ಅವಳ ಫೋನೂ ಸದ್ದು ಮಾಡಿತು: ನಿಮ್ಮ ಖಾತೆಯನ್ನು ಮುಚ್ಚಲಾಗಿದೆ. ಕೋರಿದವರು, ಇಲೋನಾ ಹಾರ್ವತ್.

ಅಲ್ಲಿಗೆ ಸದ್ದು ನಿಂತಿತು. ಸರದಿ ಅವಳವರೆಗೆ ಬಂದು, ಅವಳ ಖಾತೆಯನ್ನು ಮುಚ್ಚಿ, ಅದರ ಜೊತೆ ಅವಳ ಕೀಲಿಯೂ ಸತ್ತು, ಮುಂದಕ್ಕೆ ತಟ್ಟಲು ಕೈಯೇ ಇಲ್ಲದಾಗಿತ್ತು. ಅವಳಿಗಿಂತ ಹಳಬರೆಲ್ಲ ಹೋಗಿದ್ದರು. ಅವಳ ಅನಂತರ ಸೇರಿದವರ ಫೋನುಗಳು ಸದ್ದು ಮಾಡಲೇ ಇಲ್ಲ.

ನೋಡುತ್ತ ನಿಂತವರಿಗೆ ಇಷ್ಟೇ ಕಂಡದ್ದು: ಅವಳ ಹೆಸರಿನಲ್ಲಿ ಹಳಬರ ಕೆಲಸ ಹೋಯಿತು. ಅವಳು ಓಡಿ ಕೀಲಿಮಣೆಯ ಮೇಲೆ ಕೈಯಿಟ್ಟಳು. ಕೈಯಿಟ್ಟ ಕೂಡಲೇ ಅದು ನಿಂತಿತು. ಎರಡು ಪಾಠಗಳೂ ಹುಟ್ಟಿದ್ದು ಆ ಒಂದು ನೋಟದಿಂದಲೇ.

ಕಾವಲಿನವರು ರಟ್ಟಿನ ಪೆಟ್ಟಿಗೆಗಳನ್ನು ತಂದರು. ಮೇಜಿನ ಮೇಲಿನ ಮಕ್ಕಳ ಚಿತ್ರಗಳು, ಕಾಫಿ ಬಟ್ಟಲುಗಳು, ಒಣಗಿದ ಗಿಡಗಳು ಪೆಟ್ಟಿಗೆ ಸೇರಿದವು. ವಿನ್ಸ್ ಏನನ್ನೂ ತೆಗೆದುಕೊಳ್ಳಲಿಲ್ಲ. ಕೋಟು ಹಾಕಿಕೊಂಡು, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಅವಳ ಮೇಜಿನ ಮುಂದೆಯೇ ಹಾದುಹೋದ.

"ವಿನ್ಸ್, ಒಂದ್ನಿಮಿಷ ನಿಲ್ಲು."

"ಹಿಮ ಜಾಸ್ತಿ ಆಗ್ತಾ ಇದೆ," ಎಂದು ಅವನು ನಡೆದ.

ಇಲೋನಾ ಪೆಟ್ಟಿಗೆ ಹಿಡಿದು ನೇರ ಹಾಲಿಸ್‌ನ ಕೋಣೆಗೆ ಹೋದಳು. ಅವನು ಎದ್ದು ನಿಂತು, ಕುರ್ಚಿ ತೋರಿಸಿ, ನೀರು ಬೇಕೇ ಎಂದ. ಅವನ ಮುಖದಲ್ಲಿ ನಿಜವಾದ ಮುಜುಗರವಿತ್ತು ಎಂದು ಇಲೋನಾ ಆಮೇಲೆ ಒಪ್ಪಿಕೊಂಡಳಂತೆ.

"ನಾವು ಇಷ್ಟೊತ್ತಿಗೆ ಪ್ರತಿಯೊಬ್ಬರನ್ನೂ ಕರೆದು, ಕೆಲಸದಿಂದ ತೆಗೆಯೋ ವಿಷಯ ಮಾತಾಡಿ ಆಗಿರ್ಬೇಕಿತ್ತು," ಎಂದ. "ಹಿಮದಿಂದ ಸಿಬ್ಬಂದಿ ವಿಭಾಗದೋರು ತಡವಾಗಿ ಬಂದ್ರು. ನಿಮ್ಮ ಯಂತ್ರ ಮಾತ್ರ ಹೇಳಿದ ಹೊತ್ತಿಗೇ ಕೆಲಸ ಮಾಡ್ತು."

"ನನ್ನ ಹೆಸರಲ್ಲಿ ಮಾಡ್ತು."

"ಅದು ನಮಗೂ ಗೊತ್ತಿರ್ಲಿಲ್ಲ. ನಿಜವಾಗ್ಲೂ. ಅದು ನಿಮ್ಮ ಕಡೆಯ ಲೋಪ ಅಲ್ವೇ?"

"ಲೋಪ ನನ್ನದೇ. ಕೋರಿಕೆ ನಿಮ್ಮದು. ಅವರಿಗೆಲ್ಲ ಒಂದು ಸಾಲು ಬರೀರಿ. ಕೋರಿದ್ದು ಹಾಲಿಸ್ ಕ್ರೇನ್, ಇಲೋನಾ ಅಲ್ಲ ಅಂತ. ಅಷ್ಟೇ ಸಾಕು. ಬೇರೇನೂ ಬೇಡ ನನಗೆ."

ಹಾಲಿಸ್ ಕಿಟಕಿಯ ಕಡೆ ನೋಡಿದ. "ವಕೀಲರು ಬರೆಯೋಕೆ ಬಿಡೋಲ್ಲ. ಇಂಥ ವಿಷಯದಲ್ಲಿ ಯಾರ ಹೆಸರನ್ನೂ ಬರೀಬಾರ್ದು ಅಂತಾರೆ."

"ಒಂದು ಹೆಸರು ಆಗ್ಲೇ ಎಲ್ಲರ ಜೇಬಲ್ಲೂ ಇದೆ."

"ಅದನ್ನ ನಾವು ಬರೆದಿದ್ದಲ್ಲವಲ್ಲ ಇಲೋನಾ."

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತೆಂಬ ಮಾತು ಎಲ್ಲ ಕಡೆಗೂ ಸಲ್ಲುವಂಥದು. ಆದರೆ ಇಲ್ಲಿ ಕೋತಿ ಒರೆಸಲೂ ಇಲ್ಲ. ಮೇಕೆಯೇ ತನ್ನ ಬಾಯಿಯನ್ನು ಮೊದಲೇ ಆ ಎತ್ತರದಲ್ಲಿ ಇಟ್ಟು ನಿಂತಿತ್ತು.

ಅವನು ಇನ್ನೊಂದು ಮಾತೂ ಆಡಿದ. ನಿಂತುಹೋದ ಕೆಲಸವನ್ನು ಮುಗಿಸಲು ಆ ಬಾಗಿಲಿನ ಮರ್ಮ ಬಲ್ಲವರು ಬೇಕು. ಕೆಲವು ವಾರಗಳ ಮಟ್ಟಿಗೆ ಅವಳು ಹಿಂದಿರುಗಿ ಬರಬಹುದು, ಸಂಬಳ ಹೆಚ್ಚೇ ಇರುತ್ತದೆ. ಇಲೋನಾ ಪೆಟ್ಟಿಗೆಯನ್ನು ಎತ್ತಿಕೊಂಡಳು. ಬಾಗಿಲ ಹೊರಗೆ ಬಂದವಳಿಗೆ ಪಾರ್ಕಿಂಗ್ ಜಾಗದಲ್ಲಿ ತನ್ನ ಕಾರಿನ ಗಾಜಿನ ಮೇಲೆ ಯಾರೋ ಹಿಮದಲ್ಲಿ ಬೆರಳಿನಿಂದ ಗೀಚಿದ್ದು ಕಾಣಿಸಿತು. ಏನು ಗೀಚಿತ್ತೆಂದು ವರ್ನಾ ಹೇಳಲಿಲ್ಲ. ಬೇರೆಯವರು ಹೇಳುವ ಮಾತುಗಳು ಅಚ್ಚಿಗೆ ತಕ್ಕವಲ್ಲ.

ಇಲ್ಲಿಂದ ಮುಂದಿನದು ಕಸುಬಿನ ಕಥೆಯಲ್ಲ. ಇಲೋನಾಳಿಗೆ ಕೆಲಸ ಹೋದದ್ದು ದೊಡ್ಡದೆನ್ನಿಸಲಿಲ್ಲ, ಆ ಕೈಗೆ ಕೆಲಸ ಎಲ್ಲಾದರೂ ಸಿಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಭಾನುವಾರ. ಫೋನು ಮಾಡಿದರೆ ವಿನ್ಸ್ ಎತ್ತಲಿಲ್ಲ. ಕಾರ್ಲಾ ಒಮ್ಮೆ ಎತ್ತಿ, "ಅವನು ಗ್ಯಾರೇಜಲ್ಲಿದಾನೆ" ಎಂದಳು. ಮತ್ತೊಮ್ಮೆ ಮಾಡಿದಾಗಲೂ ಗ್ಯಾರೇಜಿನಲ್ಲೇ ಇದ್ದ. ಆ ಚಳಿಯಲ್ಲಿ ಯಾವ ಮನುಷ್ಯನೂ ಅಷ್ಟು ಹೊತ್ತು ಗ್ಯಾರೇಜಿನಲ್ಲಿರಲಾರ.

ಕೊನೆಗೆ ಒಂದು ಭಾನುವಾರ ಊಟದ ಹೊತ್ತಿಗೆ ಅವಳು ತಾನೇ ಹೋದಳು. ಬೇಕರಿಯಿಂದ ಗಸಗಸೆಯ ಸುರುಳಿರೊಟ್ಟಿ ಕೊಂಡಿದ್ದಳು. ಕಾರ್ಲಾ ಬಾಗಿಲು ತೆರೆದು, ರೊಟ್ಟಿ ಇಸಿದುಕೊಂಡು, ಒಳಗೆ ಕರೆಯದೆ, "ವಿನ್ಸೆಂಟ್" ಎಂದು ಕೂಗಿ, ಅಡುಗೆಮನೆಗೆ ಹೋದಳು. ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಬೇಯುವ ವಾಸನೆ ಇತ್ತು. ವಿನ್ಸ್ ಬಂದು ಹೊಸ್ತಿಲಲ್ಲಿ ನಿಂತ. ಇಲೋನಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನು ಒಂದೇ ಉಸಿರಿಗೆ ಹೇಳಿದಳು: ಕೀಲಿ, ಪ್ರಯೋಗ, ಭದ್ರತಾ ವಿಭಾಗ, ಹಾಲಿಸ್‌ನ ಪುಟ, ಖಾಲಿ ಪರದೆ.

ವಿನ್ಸ್ ಎಲ್ಲವನ್ನೂ ಕೇಳಿದ. "ಗೊತ್ತು," ಎಂದ.

"ಏನು ಗೊತ್ತು?"

"ಕೀಲಿ ವಿಷಯ. ಪೆಟ್ಟಿಗೆ ತಗೊಳ್ದೆ ಕಾರಲ್ಲಿ ಕೂತ್ಕೊಂಡ್ನಲ್ಲ, ಇನ್ನೂ ಕಾರು ಸ್ಟಾರ್ಟ್ ಮಾಡಿರ್ಲಿಲ್ಲ, ಆಗ್ಲೇ ಹೊಳೀತು. ನಾನೇನು ನಿನ್ನೆ ಹುಟ್ಟಿದೋನಾ? ನೀನು ಗುಂಡಿ ಒತ್ತಲಿಲ್ಲ ಅಂತ ಗೊತ್ತು ನನಗೆ."

ಇಲೋನಾಳ ಎದೆಯಿಂದ ಒಂದು ಭಾರ ಇಳಿಯಿತು. "ಮತ್ತೆ ಫೋನ್ ಯಾಕೆ ಎತ್ತಲಿಲ್ಲ?"

"ನೀನು ಬೇಕಂತಲೇ ಮಾಡಿದ್ರೆ ಎತ್ತಿರ್ತಿದ್ದೆ," ಎಂದ ವಿನ್ಸ್. ಅವನ ಧ್ವನಿ ಏರಲಿಲ್ಲ. "ಬೈಯೋಕಾದ್ರೂ ಎತ್ತಿರ್ತಿದ್ದೆ. ನನ್ನ ಮೇಲೆ ಯಾವುದೋ ಹಳೇ ಸಿಟ್ಟಿತ್ತು, ತೀರಿಸ್ಕೊಂಡ್ಲು ಅನ್ಕೊಬಹುದಿತ್ತು. ಸಿಟ್ಟಿರಬೇಕಾದ್ರೂ ಮನುಷ್ಯನ ನೆನಪಿರಬೇಕು ನೋಡು. ಆ ಕೋಣೇಲಿ ಎಲ್ಲರ ಮುಂದೆ ಕೇಳ್ದೆ ನಿನ್ನ, ಈ ಬಾಗಿಲು ಯಾರಿಗೋಸ್ಕರ ಅಂತ. ನೀನು ನಕ್ಕೆ."

"ಆಸ್ಪತ್ರೆಗಳಿಗೆ ಅಂದ ಅವನು."

"ನೀನು ನಂಬಿದ್ಯಾ?"

ನಂಬಿದ್ದೆ ಎನ್ನಬಹುದಿತ್ತು. ಆದರೆ ಹಾಲಿಸ್ ಅಷ್ಟು ಬೇಗ ಒಪ್ಪಿದ ಆ ಗಳಿಗೆ ಇಲೋನಾಳಿಗೆ ನೆನಪಾಯಿತು. ಆಗಲೇ ಎಲ್ಲೋ ಒಂದು ಮೂಲೆಯಲ್ಲಿ ತನಗೆ ಗೊತ್ತಿತ್ತು, ಗೊತ್ತಿದ್ದೂ ಆ ಮೂಲೆಗೆ ದೀಪ ಹಿಡಿಯಲಿಲ್ಲ, ಹಿಡಿದಿದ್ದರೆ ಆ ಅಂದದ ಚೌಕಟ್ಟನ್ನು ಬಿಚ್ಚಬೇಕಾಗುತ್ತಿತ್ತು ಎಂಬುದೂ ಹೊಳೆಯಿತು.

"ನಾನು ಅದನ್ನ ಆದಷ್ಟು ಮರ್ಯಾದೆಯಾಗಿ ಮಾಡ್ದೆ ವಿನ್ಸ್," ಎಂದಳು. "ಸುದ್ದಿ ಮನುಷ್ಯನಿಗೆ ಮುಟ್ಟೋ ಹಾಗೆ. ಹೆಸರಿರೋ ಹಾಗೆ."

"ಹೌದು. ಚೆನ್ನಾಗಿ ಮಾಡ್ದೆ. ನಿನ್ನ ಹಾಗೆ ಯಾರೂ ಮಾಡೋಕಾಗಲ್ಲ. ನೇಣು ಹಾಕೋ ಹಗ್ಗಕ್ಕೆ ರೇಷ್ಮೆ ಸುತ್ತಿದೆ. ಕುತ್ತಿಗೆ ತರಚಬಾರ್ದು ಅಂತ." ಅವನು ಬಾಗಿಲ ಹಿಡಿಯ ಮೇಲೆ ಕೈಯಿಟ್ಟ. "ಯಾರ ಕುತ್ತಿಗೆ ಅಂತ ಒಂದ್ಸಲ ತಲೆ ಎತ್ತಿ ನೋಡಿದ್ರೆ ಆಗಿತ್ತು. ಅದೇ ಕೋಣೇಲಿ ಕೂತಿದ್ವಿ ಎಲ್ರೂ."

"ಆವತ್ತು ಮೊದಲ ವರ್ಷ ನೀನು ನನಗೋಸ್ಕರ..."

"ಆ ಮಾತು ಬೇಡ," ಎಂದ ವಿನ್ಸ್. "ಅದು ನಾನು ಮಾಡಿದ್ದು. ವಾಪಸ್ ಕೇಳೋಕೆ ಮಾಡಿದ್ದಲ್ಲ."

ಒಳಗಿನಿಂದ ಕಾರ್ಲಾ ಊಟ ಆರುತ್ತಿದೆ ಎಂದು ಕೂಗಿದಳು. ಯಾರನ್ನು ಕರೆದಳೆಂದು ಆ ದನಿಯಲ್ಲಿ ಸ್ಪಷ್ಟವಿರಲಿಲ್ಲ. ಇಲೋನಾ ಕಾದಳು. ವಿನ್ಸ್ ಕಾಯಲಿಲ್ಲ. "ರಸ್ತೇಲಿ ಹುಷಾರು, ಜಾರುತ್ತೆ" ಎಂದು ಬಾಗಿಲು ಮುಚ್ಚಿದ. ಜೋರಾಗಿ ಮುಚ್ಚಲಿಲ್ಲ ಎಂಬುದನ್ನು ಇಲೋನಾ ವರ್ನಾಳಿಗೆ ಎರಡು ಸಲ ಹೇಳಿದಳಂತೆ.

ಇತ್ತ ಉಳಿದುಕೊಂಡ ಕಿರಿಯರ ಸಂಗತಿ ಬೇರೆ. ಮಂಗಳವಾರದ ಗೊಂದಲ ಊರಿನ ಪತ್ರಿಕೆಗೆ ಮುಟ್ಟಿದ್ದರಿಂದ ಕಂಪನಿಯವರು ಹೆದರಿ, ಉಳಿದವರನ್ನು ಒಬ್ಬೊಬ್ಬರನ್ನೇ ಕರೆದು ಮಾತಾಡಿದರು. ಕೆಲವರಿಗೆ ಹಣ ಕೊಟ್ಟು ಕಳಿಸಿದರು, ಹಲವರನ್ನು ಇಟ್ಟುಕೊಂಡರು. ಆ ಹಲವರು ಒಂದು ಸಂಜೆ ಇಲೋನಾಳನ್ನು ಬಿಯರ್ ಅಂಗಡಿಗೆ ಕರೆಸಿ, ಮೇಜಿನ ಮುಖ್ಯ ಜಾಗದಲ್ಲಿ ಕೂರಿಸಿ, ಲೋಟ ಎತ್ತಿದರು. ಡೆವಿನ್ ಎಂಬ ಗಡ್ಡದ ಹುಡುಗ, ಹೊಸದಾಗಿ ತಂದೆಯಾದವನು, ಅವಳ ಕೈ ಹಿಡಿದು, "ನೀವು ನಿಮ್ಮನ್ನೇ ಕಡಿದುಕೊಂಡು ನಮ್ಮನ್ನ ಉಳಿಸಿದ್ರಿ. ನಾನು ನೋಡ್ದೆ ನೀವು ಓಡಿದ್ದು" ಎಂದ.

"ನಾನೇನೂ ಮಾಡ್ಲಿಲ್ಲ. ಒಳಗೆ ಹೋಗೋಕೇ ಆಗ್ಲಿಲ್ಲ ನನಗೆ. ಕೀಲಿ ನನ್ನ ಹೆಸರಲ್ಲಿತ್ತು, ನನ್ನ ಖಾತೆ ಜೊತೆ ಸತ್ತೋಯ್ತು. ಅಷ್ಟೇ."

ಮೇಜೆಲ್ಲ ನಕ್ಕಿತು. "ವಕೀಲರು ಹಾಗಂತ ಹೇಳೋಕೆ ಹೇಳಿದಾರೆ, ಅಲ್ವಾ?" ಎಂದಳು ಒಬ್ಬಳು, ಕಣ್ಣು ಮಿಟುಕಿಸಿ.

"ನಿಜ ಹೇಳ್ತಿದೀನಿ."

"ಆಯ್ತು ಆಯ್ತು, ನಾವು ಯಾರಿಗೂ ಹೇಳಲ್ಲ," ಎಂದ ಡೆವಿನ್, ಮತ್ತು ಅವಳ ಮುಂದೆ ಇನ್ನೊಂದು ಲೋಟ ಇಟ್ಟ.

ನಂಬಿದವನೊಬ್ಬ, ಅವನಿಗೆ ಅವಳು ಬೇಡವಾಗಿದ್ದಳು. ಬೇಕೆಂದವರು ಇಷ್ಟು ಜನ, ಅವರಿಗೆ ಅವಳ ಮಾತು ಬೇಡವಾಗಿತ್ತು. ಇಲೋನಾ ಆ ಲೋಟವನ್ನು ಕುಡಿದಳೋ ಬಿಟ್ಟಳೋ ಎಂಬಲ್ಲಿ ಪಾಠಗಳು ಬೇರೆಯಾಗುತ್ತವೆ. ವರ್ನಾಳ ಪ್ರಕಾರ ಕುಡಿದಳು. ಎಲ್ಲವನ್ನೂ ಕುಡಿದು, ಡೆವಿನ್ ತೋರಿಸಿದ ಮಗುವಿನ ಚಿತ್ರಗಳನ್ನೂ ನೋಡಿ, ಚೆನ್ನಾಗಿದೆ ಎಂದು, ಟ್ಯಾಕ್ಸಿ ಹಿಡಿದು ಮನೆಗೆ ಹೋದಳು. ವಸಂತ ಬರುವ ಮೊದಲೇ ಊರು ಬಿಟ್ಟಳು. ಈಗ ಬಫಲೋದಲ್ಲಿ ಒಂದು ವಿಮಾ ಕಂಪನಿಯಲ್ಲಿದ್ದಾಳಂತೆ, ಅಲ್ಲಿ ವಿಮೆ ಕಂತಿನ ರಸೀದಿ ಮುದ್ರಿಸುವ ಸಾಫ್ಟ್‌ವೇರ್ ನೋಡಿಕೊಳ್ಳುತ್ತಾಳೆ. ಮನುಷ್ಯರ ಖಾತೆಗಳ ಕೆಲಸ ಕೊಡಲು ಬಂದರೆ ತನಗದು ಬರುವುದಿಲ್ಲ ಎನ್ನುತ್ತಾಳಂತೆ.

ವರ್ನಾ ಇಷ್ಟು ಹೇಳಿ, ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸಿದಳು. ಮೇಜಿನ ಆ ತುದಿಯಲ್ಲಿದ್ದ ಒಬ್ಬ ಧಡೂತಿ ಮನುಷ್ಯ, ಇಷ್ಟು ಹೊತ್ತು ಕೋಸಿನ ಸಲಾಡನ್ನು ಮುಳ್ಳುಚಮಚೆಯಿಂದ ಕೆದಕುತ್ತಿದ್ದವನು, "ಆ ಬಾಗಿಲು ಏನಾಯ್ತು?" ಎಂದ.

"ಅಲ್ಲೇ ಇದೆ. ತುಂಬ ಚೆನ್ನಾಗಿ ಕೆಲಸ ಮಾಡ್ತಿದೆ ಅಂತ ಬೇರೆ ಎರಡು ಕಂಪನಿಯೋರು ಕೊಂಡುಕೊಂಡ್ರು."

"ಹೆಸರು ಬರೋ ಸಾಲು?"

"ಅದನ್ನ ತೆಗೆದುಬಿಟ್ರು," ಎಂದಳು ವರ್ನಾ.

ಚರ್ಚಿನ ಹೆಂಗಸರು ಆಚೆ ಮೇಜುಗಳ ಮೇಲಿನ ಕಾಗದದ ಹಾಸನ್ನು ಸುತ್ತುತ್ತ ಬರುತ್ತಿದ್ದರು. ಒಬ್ಬರು ಕೋಟಿನ ತೋಳು ಹುಡುಕಿದರು, ಇನ್ನೊಬ್ಬರು ಉಳಿದ ಮೀನಿನ ತುಂಡನ್ನು ಬೆಕ್ಕಿಗೆಂದು ಕಾಗದದಲ್ಲಿ ಕಟ್ಟಿಕೊಂಡರು. ಕುರ್ಚಿಗಳನ್ನು ಮಡಿಸಿ ಗೋಡೆಗೆ ಒರಗಿಸಿ, ಮೆಟ್ಟಿಲು ಹತ್ತಿ, ಬರುವ ಶುಕ್ರವಾರ ಸಿಗೋಣವೆಂದು ಕೂಡ ಹೇಳಿಕೊಳ್ಳದೆ, ಎಲ್ಲರೂ ತಂತಮ್ಮ ಕಾರುಗಳ ಕಡೆ ನಡೆದರು.